ಹಲ್ಲಿನಿಂದ ಕಲ್ಲು ಕೇಳುವ ಟಣ್ಣಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಗಡಿನ ಶೆಡ್ಡಿನೊಳಗೆ ಒಂದೇ ಬಲ್ಬು. ಅದರ ಕೆಳಗೆ ಉರುಟು ಕಲ್ಲುಗಳ ರಾಶಿ. ಕೋಳಿಮೊಟ್ಟೆಯಷ್ಟರಿಂದ ಮುಷ್ಟಿ ಗಾತ್ರದವರೆಗೆ, ಬೂದಿ ಬಣ್ಣದವು, ಜೇನು ಬಣ್ಣದವು, ಮೈಮೇಲೆ ಸುಣ್ಣದಂಥ ಬಿಳಿ ಸಿಪ್ಪೆ ಹೊತ್ತವು. ರಾಶಿಯ ಪಕ್ಕ ಮಣೆ ಹಾಕಿಕೊಂಡು ಕೂತ ಹೆಂಗಸು ಮೊದಲು ಎರಡೂ ಕಿವಿಗೆ ಹತ್ತಿ ತುರುಕಿಕೊಳ್ಳುತ್ತಾರೆ. ಆಮೇಲೆ ಒಂದು ಕಲ್ಲನ್ನೆತ್ತಿ, ಮಗುವಿಗೆ ಮುತ್ತು ಕೊಡುವವರ ಹಾಗೆ ಬಾಯಿಯ ಹತ್ತಿರ ತಂದು, ತುಟಿ ಸರಿಸಿ, ಅದರ ತುದಿಯನ್ನು ಎಡಗಡೆಯ ಒಂದು ಹಲ್ಲಿಗೆ ಆನಿಸುತ್ತಾರೆ. ಬಲಗೈಯಲ್ಲಿರುವ ಬೆರಳುದ್ದದ ಇನ್ನೊಂದು ಕಲ್ಲಿನಿಂದ ಅದನ್ನು ಮೆಲ್ಲಗೆ ಕುಟ್ಟುತ್ತಾರೆ. ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಕಲ್ಲು ಎಡಗಡೆಯ ಬುಟ್ಟಿಗೆ ಹೋಗುತ್ತದೆ. ಮುಂದಿನದು ಬಲಗಡೆಗೆ. ಅದರ ಮುಂದಿನದೂ ಬಲಗಡೆಗೆ.

ರಾಶಿಯ ಆಚೆ ಬದಿಯಲ್ಲಿ ಇನ್ನೊಂದು ಮಣೆ. ಅಲ್ಲಿ ಕೂತವಳು ಇವರ ಸೊಸೆ. ಅವಳದ್ದೂ ಅದೇ ಕೆಲಸ. ಆದರೆ ಅವಳು ಕಲ್ಲನ್ನು ಹಿಡಿಯುವುದು ಕಿವಿಯ ಬಳಿ. ಇಬ್ಬರೂ ಒಂದೇ ಮನೆಯಿಂದ ಒಂದೇ ದಾರಿಯಲ್ಲಿ ನಡೆದು ಬಂದಿದ್ದಾರೆ, ಮುಂದೊಬ್ಬರು, ಹಿಂದೊಬ್ಬರು. ಒಂದು ತಿಂಗಳಾಯಿತು, ಸೊಸೆ ಅತ್ತೆಯೊಡನೆ ಮಾತು ಬಿಟ್ಟಿದ್ದಾಳೆ.

ಕಾರ್ಖಾನೆಯಲ್ಲಿ ಅತ್ತೆಯನ್ನು ಎಲ್ಲರೂ ಕರೆಯುವುದು ಟಣ್ಣಕ್ಕ ಅಂತ. ಕಲ್ಲು ಸರಿಯಿದ್ದರೆ ‘ಟಣ್’ ಎಂದು ತಾವೇ ಬಾಯಲ್ಲಿ ಹೇಳಿ ಬುಟ್ಟಿಗೆ ಹಾಕುವ ಅಭ್ಯಾಸ ಹಿಂದೊಮ್ಮೆ ಇತ್ತಂತೆ. ಈಗ ಹೇಳುವುದಿಲ್ಲ. ಹೆಸರು ಮಾತ್ರ ಉಳಿದುಕೊಂಡಿದೆ.

ಇದು ಕೈ ತೊಳೆಯುವ ಬೇಸಿನ್ನು, ಕಮೋಡು ತಯಾರಿಸುವ ಕಾರ್ಖಾನೆ. ಅವಕ್ಕೆ ಬಳಿಯುವ ಬಿಳಿ ಹೊಳಪಿನ ಲೇಪವನ್ನು ಅರೆಯುವುದು ಶೆಡ್ಡಿಗೆ ಅಂಟಿಕೊಂಡೇ ಇರುವ ಮಿಲ್ಲಿನಲ್ಲಿ. ಅಲ್ಲಿ ನೀರಿನ ಟ್ಯಾಂಕರಿನಷ್ಟು ದೊಡ್ಡ ಡ್ರಮ್ಮುಗಳು ಹಗಲೂ ರಾತ್ರಿ ತಿರುಗುತ್ತವೆ. ಒಳಗೆ ಲೇಪದ ಪುಡಿ, ನೀರು, ಅದರ ಜೊತೆಗೆ ಈ ಕಲ್ಲುಗಳು. ಡ್ರಮ್ಮು ತಿರುಗಿದಂತೆ ಕಲ್ಲುಗಳು ಉರುಳಿ ಬಿದ್ದು ಪುಡಿಯನ್ನು ನುಣ್ಣಗೆ ಅರೆಯುತ್ತವೆ. ಕಬ್ಬಿಣದ ಗುಂಡು ಹಾಕುವ ಹಾಗಿಲ್ಲ. ಕಬ್ಬಿಣ ಸವೆದರೆ ಬಿಳಿ ಬೇಸಿನ್ನಿನ ಮೇಲೆ ಕಪ್ಪು ಚುಕ್ಕೆ ಏಳುತ್ತದೆ. ಅದಕ್ಕೇ ಚಕಮಕಿ ಕಲ್ಲು.

ಹೆಚ್ಚುಕಡಿಮೆ ಎಲ್ಲ ಕಲ್ಲೂ ಹರಳುಗಳು ಕೂಡಿ ಆದದ್ದೇ. ಮೆಟ್ಟಿಲಿಗೆ ಹಾಕುವ ಗ್ರಾನೈಟಿನಲ್ಲಿ ಆ ಹರಳು ಬರಿಗಣ್ಣಿಗೇ ಕಾಣುತ್ತದೆ. ಒಳ್ಳೆಯ ಚಕಮಕಿಯಲ್ಲಿ ಹರಳು ಇದೆ ಎಂದು ಯಾರಾದರೂ ಹೇಳಿದರೆ ನಂಬಬೇಕು, ಅಷ್ಟೇ. ಭೂತಗನ್ನಡಿಗೂ ಸಿಗದಷ್ಟು ಸಣ್ಣ ಹರಳುಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಒಡೆದರೆ ಒಳಗೆ ಕೊಂಬು ಕೆತ್ತಿದಷ್ಟು ನುಣುಪು. ಆದರೆ ಅದೇ ರಾಶಿಯಲ್ಲಿ, ಅದೇ ಬಣ್ಣ, ಅದೇ ಸಿಪ್ಪೆ ಹೊತ್ತು, ಒಳಗೆ ಹರಳು ದಪ್ಪಗೆ ಬೆಳೆದ ಕಲ್ಲೂ ಇರುತ್ತದೆ. ಒಡೆದರೆ ಕಲ್ಲುಸಕ್ಕರೆಯ ಹಾಗೆ ತರಿತರಿ. ಅಂಥದ್ದೊಂದು ಡ್ರಮ್ಮಿಗೆ ಬಿದ್ದರೆ ಅಲ್ಲೇ ಹೋಳಾಗಿ, ತರಿ ಉದುರಿ, ಇಡೀ ಡ್ರಮ್ಮಿನ ಲೇಪ ಹಾಳು. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಒಡೆದು ನೋಡೋಣವೆಂದರೆ ಆಮೇಲೆ ಕಲ್ಲೇ ಇರುವುದಿಲ್ಲ. ಉಳಿದ ದಾರಿ ಸದ್ದು ಒಂದೇ.

“ನುಣುಪು ಕಲ್ಲು ಟಣ್ ಅನ್ನತ್ತೆ, ಅಂದು ಸ್ವಲ್ಪ ಹೊತ್ತು ನಿಲ್ಲತ್ತೆ. ತರಿ ಕಲ್ಲು ಟಕ್ ಅಂದು ಬಾಯಿ ಮುಚ್ಕೊಳತ್ತೆ. ಇಷ್ಟೇ ವಿದ್ಯೆ” ಎನ್ನುತ್ತಾರೆ ಟಣ್ಣಕ್ಕ. “ಇವೆರಡರ ಮಧ್ಯದವು ಇರ್ತವಲ್ಲ, ಅವೇ ಪ್ರಾಣ ತಿನ್ನೋದು. ಟಣ್ ಅನ್ನೋ ಹಾಗೆ ಶುರು ಮಾಡಿ ನಡುವೆ ಕೈ ಕೊಡ್ತವೆ. ಕೆಲವು ಗಂಡಸರ ಹಾಗೆ.”

ಹಾಗೆಂದು ನಗುತ್ತಾರೆ. ನಕ್ಕಾಗ ಬಾಯಿ ಕಾಣುತ್ತದೆ. ಮೇಲೂ ಕೆಳಗೂ ಮುಂದಿನ ಹಲ್ಲು ಒಂದೂ ಇಲ್ಲ. ಎಡಗಡೆಯ ಕೋರೆಹಲ್ಲು ಒಂದು ಉಳಿದಿದೆ, ಅದೂ ಅರ್ಧ ಮುಕ್ಕಾಗಿದೆ.

ಪ್ರತಿ ಆರಿಸುವವಳ ಬಳಿಯೂ ಕುಟ್ಟಲು ಒಂದು ಕಲ್ಲಿರುತ್ತದೆ. ಅದಕ್ಕೆ ಇಲ್ಲಿ ತಾಯಿಕಲ್ಲು ಅನ್ನುತ್ತಾರೆ. ಸಾವಿರ ಕಲ್ಲಿನಲ್ಲಿ ಆರಿಸಿ ತೆಗೆದ, ಒಂದು ಕೂದಲೆಳೆಯಷ್ಟೂ ಬಿರುಕಿಲ್ಲದ ಕಲ್ಲು ಅದು. ಮಿಕ್ಕೆಲ್ಲವನ್ನೂ ತೂಗುವುದು ಅದರಿಂದಲೇ. ತಾಯಿಕಲ್ಲಿನೊಳಗೆ ಬಿರುಕು ಬಿಟ್ಟಿತೆಂದರೆ ಅದು ಕಣ್ಣಿಗೆ ಬೀಳುವುದಿಲ್ಲ. ಒಳ್ಳೆಯ ಕಲ್ಲಿನ ದನಿ ಒಂದಿಷ್ಟು ಮಂಕಾಗುತ್ತದೆ, ಮಧ್ಯದ ಕಲ್ಲುಗಳ ಜಾತಕ ಪೂರಾ ತಪ್ಪುತ್ತದೆ. ಎಷ್ಟೋ ಜನ ಹೊಸಬರು ಹಾಗೆ ವಾರಗಟ್ಟಲೆ ಒಳ್ಳೆಯದನ್ನೆಲ್ಲ ಬಿಸಾಡಿ, ತಮ್ಮ ಕಿವಿಯೇ ಸರಿಯಿಲ್ಲವೆಂದುಕೊಂಡು ಅಳುತ್ತಾ ಮನೆಗೆ ಹೋದದ್ದುಂಟು. ಈ ಮಾತು ನೆನಪಿರಲಿ. ಮುಂದೆ ಬೇಕಾಗುತ್ತದೆ.

ಟಣ್ಣಕ್ಕ ಮದುವೆಯಾಗಿ ಬಂದ ವರ್ಷವೇ ಈ ಮಣೆಯ ಮೇಲೆ ಕೂತವರು. ಆಗ ಕಿವಿಯಿಂದಲೇ ಕೇಳುತ್ತಿದ್ದರು. ಶೆಡ್ಡಿಗೂ ಮಿಲ್ಲಿಗೂ ನಡುವೆ ಒಂದು ಬಾಗಿಲಿನ ಗಾತ್ರದ ತೆರಪಿದೆ, ಬಾಗಿಲಿಲ್ಲ. ಬುಟ್ಟಿ ಹೊತ್ತ ತಳ್ಳುಗಾಡಿ ಆ ಕಡೆ ಈ ಕಡೆ ಓಡಾಡುತ್ತಿರಬೇಕಲ್ಲ. ಅಲ್ಲಿಂದ ಡ್ರಮ್ಮುಗಳ ಸದ್ದು ನುಗ್ಗುತ್ತದೆ. ಕೇಳಿದವರಿಗಷ್ಟೇ ಗೊತ್ತು ಆ ಸದ್ದು. ಎದುರಿಗೆ ಕೂತವರ ಮಾತು ಕೇಳಬೇಕಾದರೆ ಕಿವಿಗೆ ಬಾಯಿ ಇಡಬೇಕು. ಮಿಲ್ಲಿನಲ್ಲಿ ಕೆಲಸ ಮಾಡುವ ಗಂಡಸರಿಗೆ ಕಂಪನಿ ಕಿವಿಗೆ ಮುಚ್ಚಳ ಕೊಟ್ಟಿದೆ. ಕಲ್ಲು ಆರಿಸುವ ಹೆಂಗಸರಿಗೆ ಕೊಟ್ಟಿಲ್ಲ.

“ನಾವೂ ಹೋಗಿ ಕೇಳಿದ್ವಿ. ಮೇಸ್ತ್ರಿ ಏನಂದ್ರು ಗೊತ್ತಾ? ‘ಕಿವಿ ಮುಚ್ಕೊಂಡ್ರೆ ಕಲ್ಲಿನ ಸದ್ದು ಹೇಗಮ್ಮ ಕೇಳ್ತೀರಿ?’ ಅಂದ್ರು. ಮಾತು ಸರೀನೇ ಅಲ್ವಾ? ವಾಪಸ್ ಬಂದು ಮಣೆ ಮೇಲೆ ಕೂತ್ವಿ.”

ಕಿವಿ ಒಂದೇ ದಿನ ಹೋಗಲಿಲ್ಲ. ಮೊದಲು ನಲ್ಲಿ ತೊಟ್ಟಿಕ್ಕುವ ಸದ್ದು ಹೋಯಿತು. ಆಮೇಲೆ ಹಿಂದಿನಿಂದ ಬರುವ ಸೈಕಲ್ಲಿನ ಬೆಲ್ಲು. ಒಂದು ದಿನ ಕಲ್ಲೂ ಹೋಯಿತು. ಎಲ್ಲವೂ ಟಕ್ ಅನ್ನತೊಡಗಿತು. ಹಿಂದೆ ಇದೇ ಶೆಡ್ಡಿನಲ್ಲಿದ್ದ ಒಬ್ಬ ಮುದುಕಿ ಆಗ ಈ ಉಪಾಯ ಹೇಳಿಕೊಟ್ಟಳಂತೆ: ಹತ್ತಿ ತುರುಕಿಕೋ, ಕಲ್ಲನ್ನು ಹಲ್ಲಿಗೆ ಇಡು. ಹಲ್ಲಿನಿಂದ ದವಡೆಗೆ, ದವಡೆಯಿಂದ ತಲೆಯೊಳಕ್ಕೆ ನಡುಕ ಏರುತ್ತದೆ. ಕಿವಿ ಕೇಳದೆ ಬಿಟ್ಟದ್ದನ್ನು ಮೂಳೆ ಹಿಡಿದುಕೊಳ್ಳುತ್ತದೆ. ಮುದುಕಿ ಇದನ್ನು ಹೇಳುವಾಗ ಅವಳ ಬಾಯಲ್ಲಿ ಹಲ್ಲಿರಲಿಲ್ಲ. ಅದೇಕೆಂದು ಆಗ ಟಣ್ಣಕ್ಕ ಕೇಳಲಿಲ್ಲ.

ದಿನಕ್ಕೆ ಆರು ಮೂಟೆ. ಕೆಲವು ಕಲ್ಲನ್ನು ನಾಲಿಗೆಗೂ ಮುಟ್ಟಿಸಬೇಕು. ಒಳಗೆ ಸಣ್ಣ ತೂತುಗಳಿದ್ದರೆ ಕಲ್ಲು ನಾಲಿಗೆಗೆ ಅಂಟಿಕೊಳ್ಳುತ್ತದೆ, ಅದನ್ನೂ ಬಿಸಾಡಬೇಕು. ಮುಕ್ಕಾದ ಹಲ್ಲಿನ ಚೂರುಗಳನ್ನು ಎಷ್ಟು ಸಲ ಉಗಿದಿದ್ದಾರೋ ಲೆಕ್ಕವಿಲ್ಲ. ಗಟ್ಟಿ ಪದಾರ್ಥ ತಿನ್ನುವುದನ್ನು ಬಿಟ್ಟು ಬಹಳ ದಿನವಾಯಿತು. ಮಧ್ಯಾಹ್ನ ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ನುಂಗುತ್ತಾರೆ.

ಕಾರ್ಖಾನೆ ನೋಡಲು ದೊಡ್ಡವರು ಬಂದಾಗಲೆಲ್ಲ ಅವರನ್ನು ಶೆಡ್ಡಿಗೆ ಕರೆತರುವುದುಂಟು. ಬಂದವರು ‘ಇದು ಅಪರೂಪದ ಕಲೆ, ಉಳಿಸಿಕೊಳ್ಳಬೇಕು’ ಎನ್ನುತ್ತಾರೆ. ಫೋಟೊ ತೆಗೆಯುತ್ತಾರೆ. ಒಂದು ವರ್ಷ ಕಂಪನಿಯ ಕ್ಯಾಲೆಂಡರಿನಲ್ಲಿ ಟಣ್ಣಕ್ಕನ ಚಿತ್ರ ಬಂದಿತ್ತು. ತುಟಿ ಮುಚ್ಚಿ, ಕಲ್ಲನ್ನು ಕಿವಿಗೆ ಹಿಡಿದು ತೆಗೆಸಿದ ಚಿತ್ರ. ಕಿವಿಗೇ ಹಿಡಿಯಿರಿ, ಹಲ್ಲು ತೋರಿಸಿದರೆ ಚೆನ್ನಾಗಿರುವುದಿಲ್ಲ ಎಂದು ಫೋಟೊದವನು ಹೇಳಿದ್ದನಂತೆ.

“ಕಲೆ ಅಂತೆ. ಉಳಿಸ್ಕೋಬೇಕಂತೆ. ಉಳಿಸ್ಕೊಳ್ಳೋರು ತಮ್ಮ ಹಲ್ಲಲ್ಲಿ ಉಳಿಸ್ಕೊಳ್ಲಿ” ಎನ್ನುತ್ತಾರೆ ಟಣ್ಣಕ್ಕ, ಕಲ್ಲಿನಿಂದ ಕಣ್ಣೆತ್ತದೆ.

ಮನೆ ಕಾರ್ಖಾನೆಯದೇ. ಸಾಲುಮನೆಗಳಲ್ಲಿ ಎರಡು ಕೋಣೆ, ಒಂದು ಹಿತ್ತಲು. ಮುಂದಿನ ಕೋಣೆಯ ಕಬ್ಬಿಣದ ಮಂಚದ ಮೇಲೆ ಗಂಡ ಕೂತಿರುತ್ತಾರೆ. ಡ್ರಮ್ಮಿನ ಒಳಗೋಡೆಗೆ ಕಲ್ಲಿನ ಇಟ್ಟಿಗೆ ಜೋಡಿಸುತ್ತಿದ್ದವರು. ಮಂಡಿ ಹೋಗಿ ಕೆಲಸ ಬಿಟ್ಟಿದ್ದಾರೆ. ಅವರ ಕಿವಿ ಹೆಂಡತಿಯದಕ್ಕಿಂತ ಮೊದಲೇ ಹೋಗಿತ್ತು. ಇಬ್ಬರ ಸಂಸಾರದ ಮಾತು ಬೀದಿಗೆಲ್ಲ ಕೇಳುತ್ತದೆ, ಅವರಿಬ್ಬರಿಗೆ ಮಾತ್ರ ಕೇಳುವುದಿಲ್ಲ.

“ಚಹಾ ಬೇಕಾ ಅಂದೆ!”

“ಯಾರು ಬಂದಿದಾರೆ?”

“ಯಾರೂ ಬಂದಿಲ್ಲ! ಚಹಾ!”

“ಬಂದ್ರೆ ಕೂರಿಸು, ನಿಂತೇ ಮಾತಾಡಿಸ್ಬೇಡ!”

ಹೆಂಡತಿಯನ್ನು ಕರೆಯಬೇಕಾದರೆ ಅವರು ಮಂಚದ ಕಾಲಿಗೆ ಚಮಚದಿಂದ ಹೊಡೆಯುತ್ತಾರೆ. ನೆಲದ ನಡುಕ ಟಣ್ಣಕ್ಕನ ಅಂಗಾಲಿಗೆ ತಿಳಿಯುತ್ತದೆ.

ಮಗ ಸರಕು ಸಾಗಿಸುವ ವ್ಯಾನು ಓಡಿಸುತ್ತಾನೆ. ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಸೊಸೆಗೆ ಒಬ್ಬಳು ಮಗಳು, ಮಾತು ಕಲಿತು ಎರಡು ವರ್ಷವಾದ ಹುಡುಗಿ. ಆ ಮಗು ಅಜ್ಜಿಯೊಡನೆ ಮಾತಾಡುವ ರೀತಿಯನ್ನು ಯಾರೂ ಕಲಿಸಿಲ್ಲ. ಮಡಿಲೇರಿ, ಅಜ್ಜಿಯ ದವಡೆಗೆ ತನ್ನ ಬಾಯನ್ನು ಒತ್ತಿ ಹಿಡಿದು ಮಾತಾಡುತ್ತದೆ. “ಅಜ್ಜೀ, ಬೆಕ್ಕು ಮರಿ ಹಾಕಿದೆ.” ಅಜ್ಜಿಗೆ ಒಂದು ಗುಂಯ್ ಎಂಬ ನಡುಕ ಮಾತ್ರ ತಲುಪುತ್ತದೆ. ಆಮೇಲೆ ಮಗುವಿನ ತುಟಿ ನೋಡಿ, ಕೈ ನೋಡಿ, ಬೆಕ್ಕೆಂದು ಗೊತ್ತು ಮಾಡಿಕೊಳ್ಳುತ್ತಾರೆ.

“ಇವಳ ದನಿ ಸಣ್ಣದೋ ದಪ್ಪದೋ, ನಂಗೊತ್ತಿಲ್ಲ. ಅವಳಮ್ಮನ ದನಿ ಗೊತ್ತು. ಅವಳು ಮದುವೆಯಾಗಿ ಬಂದಾಗ ನಂಗಿನ್ನೂ ಒಂಚೂರು ಕಿವಿ ಇತ್ತು. ಇವಳದು ಗೊತ್ತಿಲ್ಲ. ಹೆತ್ತವಳಿಗಾದ್ರೂ ಕೇಳ್ಲಿ ಅಂತ ನನ್ನ ಆಸೆ, ಅದೊಂದೇ.”

ಈ ಆಸೆಯೇ ಮನೆಯನ್ನು ಎರಡು ಮಾಡಿದ್ದು.

ಉಳಿದೊಂದು ಹಲ್ಲು ಚಳಿಗಾಲದಿಂದ ನೋಯುತ್ತಿದೆ. ಕೆನ್ನೆ ಊದಿಕೊಂಡಾಗ ಹಲ್ಲಿನ ಡಾಕ್ಟರ ಬಳಿ ಹೋಗಿದ್ದರು. ಬೇರಿನಲ್ಲಿ ಕೀವು ತುಂಬಿದೆ, ಕೀಳದೆ ದಾರಿಯಿಲ್ಲ ಎಂದರು ಡಾಕ್ಟರು. ಹಲ್ಲು ಕಿತ್ತರೆ ಟಣ್ಣಕ್ಕನಿಗೆ ಕಲ್ಲು ಕೇಳುವುದಿಲ್ಲ. ಕಲ್ಲು ಕೇಳದಿದ್ದರೆ ಕೆಲಸವಿಲ್ಲ. ಕೆಲಸವಿಲ್ಲದಿದ್ದರೆ ಆ ಎರಡು ಕೋಣೆಯೂ ಇಲ್ಲ. ಮನೆಯ ಒಬ್ಬರಾದರೂ ಕಾರ್ಖಾನೆಯ ಹಾಜರಿಯಲ್ಲಿರಬೇಕು, ಇಲ್ಲದಿದ್ದರೆ ಕೋಣೆ ಖಾಲಿ ಮಾಡಬೇಕು ಎಂಬುದು ಕಂಪನಿಯ ಕಟ್ಟಳೆ. ಮೇಸ್ತ್ರಿ ಕೆಟ್ಟವರೇನಲ್ಲ. ದಾರಿಯನ್ನು ಅವರೇ ಹೇಳಿದರು: “ಸೊಸೆಗೆ ಕಲಿಸಿ ಟಣ್ಣಕ್ಕ. ಎರಡು ತಿಂಗಳು ಟೈಮು ಕೊಡಿಸ್ತೀನಿ. ಪರೀಕ್ಷೆಲಿ ಪಾಸಾದ್ರೆ ನಿಮ್ಮ ಮಣೆ ಅವಳಿಗೇ.” ಸೊಸೆಯನ್ನು ಪ್ಯಾಕಿಂಗಿನಲ್ಲಿ ಹಾಕಿಸಿ ಎಂದು ಟಣ್ಣಕ್ಕ ಬೇಡಿಕೊಂಡರು. ಪ್ಯಾಕಿಂಗಿನವರು ಗುತ್ತಿಗೆಯವರು, ಅವರಿಗೆ ಮನೆಯಿಲ್ಲ. ಹಾಗಾದರೆ ಮಿಲ್ಲಿನ ಕಡೆಯ ಆ ತೆರಪಿಗೆ ಒಂದು ಬಾಗಿಲಾದರೂ ಹಾಕಿಸಿ ಎಂದರು. ಗಾಡಿಗೆ ಅಡ್ಡವಾಗುತ್ತದೆ ಎಂದರು ಮೇಸ್ತ್ರಿ.

ಟಣ್ಣಕ್ಕ ಕಲಿಸಲು ಒಪ್ಪಿಕೊಂಡರು. ಮೊದಲ ದಿನವೇ ತಮ್ಮ ಹಳೆಯ ಡಬ್ಬಿಯಿಂದ ಒಂದು ತಾಯಿಕಲ್ಲು ತೆಗೆದು ಸೊಸೆಯ ಕೈಗಿಟ್ಟರು. ಹಿಂದೊಮ್ಮೆ ಕೈಜಾರಿ ಸಿಮೆಂಟಿನ ಮೇಲೆ ಬಿದ್ದಿದ್ದ ಕಲ್ಲು ಅದು, ಒಳಗೆ ಬಿರುಕಿದೆ ಎಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಕೊಟ್ಟರು. ಹುಡುಗಿ ಆರಿಸುವುದೆಲ್ಲ ತಪ್ಪಲಿ, ನಪಾಸಾಗಲಿ, ಕಿವಿ ಉಳಿಯಲಿ ಎಂದು ಅವರ ಲೆಕ್ಕ. ಮನೆ ಹೋದರೆ ಎಲ್ಲಾದರೂ ಒಂದು ಬಾಡಿಗೆ ಕೋಣೆ, ಮಗನ ವ್ಯಾನಿನ ದುಡಿಮೆ, ಹೇಗೋ ಆಗುತ್ತದೆ. ಇದನ್ನೆಲ್ಲ ಅವರು ಯಾರಿಗೂ ಹೇಳಲಿಲ್ಲ, ಗಂಡನಿಗೂ. ಗಂಡನಿಗೆ ಗುಟ್ಟು ಹೇಳಬೇಕಾದರೆ ಬೀದಿಗೆಲ್ಲ ಹೇಳಬೇಕಲ್ಲ.

ಎರಡು ತಿಂಗಳು ಸೊಸೆ ಆ ಕಲ್ಲಿನಲ್ಲಿ ಕುಟ್ಟಿದಳು. ಒಳ್ಳೆಯದನ್ನು ಬಿಸಾಡುವ ಬಲಗಡೆಯ ಬುಟ್ಟಿಗೆ ಹಾಕಿದಳು, ಕೆಟ್ಟದ್ದನ್ನು ಮಿಲ್ಲಿಗೆ ಹೋಗುವ ಎಡಗಡೆಯ ಬುಟ್ಟಿಗೆ ಹಾಕಿದಳು. ಟಣ್ಣಕ್ಕ ತಿದ್ದಲಿಲ್ಲ, ಸಂಜೆ ಆ ಬುಟ್ಟಿಗಳನ್ನು ತಾವೇ ಮತ್ತೊಮ್ಮೆ ಆರಿಸಿಟ್ಟರು. ಶೆಡ್ಡಿನ ಉಳಿದ ಹೆಂಗಸರು ಅವಳ ಬುಟ್ಟಿಯನ್ನು ನೋಡಿ ನಕ್ಕರು. “ಏನ್ ಟಣ್ಣಕ್ಕ, ಸೊಸೆಗೆ ಕಣ್ಣಿಂದ ಆರಿಸೋದು ಕಲಿಸಿದೀರಾ?” ಎಂದು ಒಬ್ಬಳು ತುಟಿಯಾಡಿಸಿ ಕೇಳಿದಳು.

ಪರೀಕ್ಷೆಯ ದಿನ ಮೇಸ್ತ್ರಿ ಒಂದು ಮೂಟೆ ಸುರಿದರು. ಸೊಸೆ ಆರಿಸಬೇಕು. ಆಮೇಲೆ ಎರಡೂ ಬುಟ್ಟಿಯಿಂದ ಒಂದಷ್ಟು ಕಲ್ಲು ತೆಗೆದು ಸುತ್ತಿಗೆಯಲ್ಲಿ ಒಡೆದು ನೋಡುತ್ತಾರೆ. ಎಲ್ಲರೂ ಸುತ್ತ ನಿಂತಿದ್ದರು. ಸೊಸೆ ಮಣೆಯ ಮೇಲೆ ಕೂತಳು. ಅತ್ತೆ ಕೊಟ್ಟ ತಾಯಿಕಲ್ಲನ್ನು ಮಡಿಲಿನಿಂದ ತೆಗೆದು ನೆಲದ ಮೇಲಿಟ್ಟಳು. ಸೊಂಟದಿಂದ ಇನ್ನೊಂದನ್ನು ತೆಗೆದಳು. ಬಿಸಾಡಿದ ಕಲ್ಲುಗಳ ಗುಡ್ಡೆಯಿಂದ ಯಾವತ್ತೋ ಹೆಕ್ಕಿಕೊಂಡಿದ್ದ, ಜೇನು ಬಣ್ಣದ ಕಲ್ಲು.

“ಅದ್ಯಾಕಮ್ಮ ಕೆಳಗಿಟ್ಟೆ?” ಮೇಸ್ತ್ರಿ ಕೇಳಿದರು.

“ಅದು ಒಡೆದಿದೆ.”

“ಯಾವಾಗಿಂದ?”

“ನನ್ನ ಕೈಗೆ ಬಂದಾಗಿಂದ.”

ಮೇಸ್ತ್ರಿ ಸುತ್ತಿಗೆ ಎತ್ತಿ ನೆಲದ ಮೇಲಿನ ಕಲ್ಲಿಗೆ ಒಂದೇಟು ಹಾಕಿದರು. ಅದು ಹಳೆಯ ಬಿರುಕಿನ ಗುಂಟ ಎರಡಾಗಿ ಬಿತ್ತು. ಸೀಳಿನ ಒಳಮೈ ಕೊಳೆಯಿಂದ ಕಪ್ಪಾಗಿತ್ತು, ಎಷ್ಟೋ ವರ್ಷದ ಕೊಳೆ. ಶೆಡ್ಡಿನ ಹೆಂಗಸರೆಲ್ಲ ಟಣ್ಣಕ್ಕನ ಮುಖ ನೋಡಿದರು. ಆ ನೋಟ ಕೇಳಲು ಕಿವಿ ಬೇಕಿರಲಿಲ್ಲ. ಸೊಸೆ ತನ್ನ ಜೇನುಬಣ್ಣದ ಕಲ್ಲಿನಿಂದ ಮೂಟೆ ಪೂರ್ತಿ ಆರಿಸಿದಳು. ಒಳ್ಳೆಯ ಬುಟ್ಟಿಯಿಂದ ತೆಗೆದು ಒಡೆದ ಕಲ್ಲುಗಳಲ್ಲಿ ಒಂದರಲ್ಲೂ ತರಿ ಸಿಗಲಿಲ್ಲ.

ಮನೆಯಲ್ಲಿ ಆ ಸಂಜೆ ನಡೆದದ್ದನ್ನು ಸೊಸೆಯೇ ಹೇಳುತ್ತಾಳೆ. ಅವಳ ಸಿಟ್ಟು ಇನ್ನೂ ಆರಿಲ್ಲ. “ಮೊದಲನೇ ವಾರದಲ್ಲೇ ಗೊತ್ತಾಯ್ತು ನಂಗೆ, ಕಲ್ಲು ಸರಿಯಿಲ್ಲ ಅಂತ. ಅತ್ತೆಗೆ ಗೊತ್ತಿಲ್ಲ ಅಂದ್ಕೊಂಡೆ. ಅವರ ಹಲ್ಲು ನೋಯ್ತಿದೆ, ಪಾಪ, ತಿಳೀದೆ ಕೊಟ್ಟಿದಾರೆ, ಹೇಳಿದ್ರೆ ನೊಂದ್ಕೋತಾರೆ ಅಂತ ಸುಮ್ಮನಿದ್ದೆ. ಅವರ ಮರ್ಯಾದೆಗೋಸ್ಕರ ಎರಡು ತಿಂಗಳು ಎಲ್ರ ಹತ್ರ ನಗೆಪಾಟಲಾದೆ. ಕಲ್ಲು ಸೀಳಿದಾಗ ಅವರ ಮುಖ ನೋಡ್ದೆ. ಗೊತ್ತಿದ್ದೇ ಕೊಟ್ಟಿದ್ರು.”

ನಿನ್ನ ಕಿವಿ ಉಳಿಯಲಿ ಅಂತ ಮಾಡಿದೆ ಎಂದು ಟಣ್ಣಕ್ಕ ಹೇಳಿದ್ದು ನಿಜ. ಅದಕ್ಕೆ ಸೊಸೆ ಕೊಟ್ಟ ಉತ್ತರ ಸಾಲುಮನೆಯ ಎಲ್ಲರಿಗೂ ಬಾಯಿಪಾಠವಾಗಿದೆ. “ಕಿವಿ ಇಟ್ಕೊಂಡು ಮಗುನ ಎಲ್ಲಿ ಮಲಗಿಸ್ಲಿ? ನನ್ನ ಕಿವಿ ನಂದು, ಅತ್ತೆ. ಅದನ್ನ ಎಲ್ಲಿ ಕಳ್ಕೋಬೇಕು ಅಂತ ನಾನು ನೋಡ್ಕೋತೀನಿ.” ಅತ್ತೆಗೆ ತುಟಿ ಓದಲು ಕಷ್ಟವಾಗದ ಹಾಗೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳಂತೆ. ಮಾತಾಡಿದ್ದು ಅದೇ ಕೊನೆ.

ಇಬ್ಬರಲ್ಲಿ ಯಾರದು ತಪ್ಪು ಎಂದು ಹೇಳುವುದು ಓದುವವರಿಗೆ ಸುಲಭ. ಅವರ ತಲೆಯ ಮೇಲೆ ಸೂರಿದೆ, ಅವರ ಕಿವಿಯೂ ಚೆನ್ನಾಗಿದೆ.

ತಿಂಗಳು ಮುಗಿದರೆ ಟಣ್ಣಕ್ಕ ಹಲ್ಲು ಕೀಳಿಸಿಕೊಂಡು ಮನೆಯಲ್ಲಿರುತ್ತಾರೆ. ಅಲ್ಲಿಯವರೆಗೆ ಇಬ್ಬರೂ ಒಂದೇ ರಾಶಿಯ ಎರಡು ಬದಿ. ಈಚೆಗೆ ಟಣ್ಣಕ್ಕ ಖಾಲಿ ಮೂಟೆಗಳನ್ನು ಒಂದರ ಮೇಲೊಂದು ಇಟ್ಟು ದಬ್ಬಣದಿಂದ ಹೊಲಿಯುತ್ತಿದ್ದಾರೆ. ಮಿಲ್ಲಿನ ಕಡೆಯ ತೆರಪಿಗೆ ಪರದೆ ಕಟ್ಟಲಿಕ್ಕೆ. ಗಾಡಿಯೂ ತೂರಿ ಹೋಗಬಹುದು, ಸದ್ದೂ ಒಂದಿಷ್ಟು ತಡೆಯಬಹುದು. ಮೇಸ್ತ್ರಿ ನೋಡಿಯೂ ನೋಡದ ಹಾಗಿದ್ದಾರೆ. ಸನ್ಮಾನ ಗಿನ್ಮಾನ ಏನಾದರೂ ಆಸೆಯಿದೆಯೇ ಎಂದು ಕೇಳಿದರೆ ಟಣ್ಣಕ್ಕ ದಬ್ಬಣದಿಂದಲೇ ಆ ತೆರಪನ್ನು ತೋರಿಸುತ್ತಾರೆ. “ಶಾಲಿನ ದುಡ್ಡಲ್ಲಿ ಅಲ್ಲೊಂದು ಬಾಗಿಲು ಹಾಕಿಸ್ಲಿ.”

ಹತ್ತು ಗಂಟೆಗೆ ಚಹಾ ಬರುತ್ತದೆ. ಸೊಸೆ ತನ್ನ ತಾಯಿಕಲ್ಲನ್ನು ಮಣೆಯ ಮೇಲಿಟ್ಟು ಲೋಟ ಹಿಡಿದು ಹೊರಗಿನ ಬಿಸಿಲಿಗೆ ಹೋಗುತ್ತಾಳೆ. ಅವಳ ಬೆನ್ನು ಮರೆಯಾಗುವುದನ್ನೇ ಕಾಯುತ್ತಿದ್ದವರ ಹಾಗೆ ಟಣ್ಣಕ್ಕ ಎದ್ದು ರಾಶಿಯನ್ನು ಬಳಸಿ ಹೋಗುತ್ತಾರೆ. ಆ ಜೇನುಬಣ್ಣದ ಕಲ್ಲನ್ನೆತ್ತಿ ಮುಕ್ಕಾದ ಹಲ್ಲಿಗೆ ಆನಿಸುತ್ತಾರೆ. ನೋವಿಗೆ ಹುಬ್ಬು ಗಂಟಿಕ್ಕುತ್ತದೆ. ತಮ್ಮ ಕಲ್ಲಿನಿಂದ ಒಮ್ಮೆ ಕುಟ್ಟುತ್ತಾರೆ. ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ನಿಲ್ಲುತ್ತಾರೆ. ಮತ್ತೊಮ್ಮೆ ಕುಟ್ಟುವುದಿಲ್ಲ. ಕಲ್ಲನ್ನು ಮೊದಲು ಯಾವ ಮೂಲೆಯಲ್ಲಿ, ಯಾವ ಮಗ್ಗುಲಾಗಿ ಇತ್ತೋ ಹಾಗೇ ಇಟ್ಟು ಬಂದು ಕೂರುತ್ತಾರೆ.

“ನನ್ನದಕ್ಕಿಂತ ಒಳ್ಳೇದು. ಬಿಸಾಡಿದ ಗುಡ್ಡೇಲಿ ಸಿಕ್ಕಿದ್ದಂತೆ. ನಾವೇ ಯಾರೋ ಬಿಸಾಡಿರ್ತೀವಿ” ಎನ್ನುತ್ತಾರೆ.

ಸೊಸೆ ಬರುತ್ತಾಳೆ. ಕೂತು ಕಲ್ಲನ್ನು ಎತ್ತಿಕೊಳ್ಳುತ್ತಾಳೆ. ಬೆರಳು ಅಲ್ಲೇ ನಿಲ್ಲುತ್ತದೆ. ಕಲ್ಲಿನ ತುದಿ ಒದ್ದೆಯಾಗಿದೆ. ಅವಳು ಅತ್ತೆಯ ಕಡೆ ನೋಡುವುದಿಲ್ಲ. ತೋಳಿನ ಬಟ್ಟೆಗೆ ಕಲ್ಲನ್ನು ಒಮ್ಮೆ ಒರೆಸುತ್ತಾಳೆ, ಗಟ್ಟಿಯಾಗಿ ಇನ್ನೊಮ್ಮೆ ಒರೆಸುತ್ತಾಳೆ, ಕಿವಿಯ ಬಳಿ ಹಿಡಿದು ಕುಟ್ಟುತ್ತಾಳೆ.

ಟಣ್ಣಕ್ಕ ಅದನ್ನು ನೋಡುತ್ತಾರೆ. ಹತ್ತಿಯನ್ನು ಮತ್ತೆ ಕಿವಿಗೆ ತುರುಕಿಕೊಳ್ಳುತ್ತಾ ಹೇಳುತ್ತಾರೆ:

“ಒರೆಸ್ಲಿ ಬಿಡಿ. ಒದ್ದೆ ಕಲ್ಲು ಸರಿಯಾಗಿ ದನಿ ಕೊಡಲ್ಲ. ಅದನ್ನ ನಾನು ಅವಳಿಗೆ ಹೇಳಿಕೊಟ್ಟೇ ಇರ್ಲಿಲ್ಲ.”